ಜೀನಿಲ್ಲದ ಕುದುರೆ, ಮೂಗು ನಿಲ್ಲದ ಕಲ್ಲು

(ಕಟ್ಟಡ, ಶಿಲ್ಪ, ಪುತ್ಥಳಿಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಕಾಸರಗೋಡಿನ ನಿವೃತ್ತ ಕಲಾ ಇತಿಹಾಸ ಅಧ್ಯಾಪಕಿ ಉತ್ತರಿಸುತ್ತಾರೆ.)

ಪ್ರಶ್ನೆ: ಟೀಚರ್, ಚೆನ್ನೈಗೆ ಮಗಳ ಮನೆಗೆ ಹೋದಾಗ, ಹಿಂದೆ ಮದ್ರಾಸಿನ ಗವರ್ನರ್ ಆಗಿದ್ದ ಮನ್ರೋ ಸಾಹೇಬರ ಪ್ರತಿಮೆ ನೋಡಿದೆ. ಕುದುರೆಗೆ ಜೀನೂ ಇಲ್ಲ, ಕಾಲಿಡಲು ರಿಕಾಪೂ ಇಲ್ಲ. ಶಿಲ್ಪಿ ಮರೆತುಬಿಟ್ಟ, ಗೊತ್ತಾದ ಮೇಲೆ ನಾಚಿಕೆಯಿಂದ ಪ್ರಾಣ ಕಳೆದುಕೊಂಡ ಅಂತ ಆಟೋದವರು ಹೇಳಿದರು. ಹೌದಾ? — ನಿವೃತ್ತ ಕಂದಾಯ ನೌಕರರು, ಆದೋನಿ

ಉತ್ತರ: ಆಟೋದವರ ತಪ್ಪಲ್ಲ ಸಾರ್. ಈ ಕಥೆ ಎಷ್ಟೋ ಊರುಗಳ ಕುದುರೆ ಪ್ರತಿಮೆಗಳಿಗೆ ಅಂಟಿಕೊಂಡಿದೆ. ಇಲ್ಲಿ ಮಾತ್ರ ಅದು ನಿಲ್ಲುವುದಿಲ್ಲ. ಮನ್ರೋ ಪ್ರತಿಮೆ ಮಾಡಿದವರು ಇಂಗ್ಲೆಂಡಿನ ಫ್ರಾನ್ಸಿಸ್ ಚಾಂಟ್ರಿ. ಇದೇ ಚಾಂಟ್ರಿ ನಾಲ್ಕನೇ ಜಾರ್ಜ್ ದೊರೆಯನ್ನೂ ಕುದುರೆ ಮೇಲೆ ಕೂರಿಸಿದ್ದಾರೆ. ಅದು ಈಗ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿದೆ. ಅಲ್ಲೂ ರಿಕಾಪಿಲ್ಲ. ಆಮೇಲೆ ವೆಲಿಂಗ್ಟನ್ ಪ್ರತಿಮೆ ಶುರುಮಾಡಿದರು. ಮುಗಿಯುವ ಮೊದಲೇ, 1841ರಲ್ಲಿ, ತೀರಿಕೊಂಡರು. ಸಹಾಯಕರು ಅದನ್ನು ಮುಗಿಸಿದರು. ಅದರಲ್ಲೂ ರಿಕಾಪಿಲ್ಲ! ಒಂದು ಸಲ ಮರೆಯಬಹುದು, ಮೂರು ಸಲ ಮರೆಯುತ್ತಾರಾ?

ಬೇಕೆಂದೇ ಬಿಟ್ಟದ್ದು ಅದು. ರೋಮಿನಲ್ಲಿ ಮಾರ್ಕಸ್ ಅರೇಲಿಯಸ್ ಎಂಬ ಚಕ್ರವರ್ತಿಯ ಹಳೆಯ ಕಂಚಿನ ಪ್ರತಿಮೆ ಇದೆ. ಯುರೋಪಿನಲ್ಲಿ ಕುದುರೆ ಸವಾರರನ್ನು ಮಾಡಿದ ಶಿಲ್ಪಿಗಳಿಗೆಲ್ಲ ಅದೇ ಪಾಠ. ರೋಮನ್ನರ ಕಾಲದಲ್ಲಿ ಅವರಿಗೆ ರಿಕಾಪೇ ಗೊತ್ತಿರಲಿಲ್ಲ, ಹಾಗಾಗಿ ಆ ಸವಾರನ ಕಾಲು ಸುಮ್ನೆ ಇಳಿಬಿದ್ದಿದೆ. ತಮ್ಮ ಮನ್ರೋ ಕೂಡ ಹಳೇ ರೋಮಿನ ಗತ್ತಿನಲ್ಲಿ ಕಾಣಲಿ ಎಂಬುದು ಚಾಂಟ್ರಿಯ ಆಸೆ. ಜೀನು ತೆಗೆದರೆ ಕುದುರೆಯ ಬೆನ್ನಿನ ಗೆರೆ ಎಲ್ಲೂ ಮುರಿಯದೆ ಕುತ್ತಿಗೆಯಿಂದ ಬಾಲದವರೆಗೆ ಓಡುತ್ತದೆ. ಮುಂದಿನ ಸಲ ಹೋದಾಗ ಎದುರಿನಿಂದ ನೋಡಬೇಡಿ, ಪೀಠ ತುಂಬಾ ಎತ್ತರ, ಕುದುರೆಯ ಹೊಟ್ಟೆ ಮಾತ್ರ ಕಾಣುತ್ತದೆ. ದೂರ ಸರಿದು ಪಕ್ಕದಿಂದ ನೋಡಿ. ನಮ್ಮವರ ರೀತಿ ಬೇರೆ. ಶ್ರೀರಂಗದ ಮಂಟಪದ ಕಂಬಗಳಲ್ಲಿ ಮುಂಗಾಲೆತ್ತಿ ನಿಂತ ಕುದುರೆಗಳಿವೆಯಲ್ಲ, ಅಲ್ಲಿ ಲಗಾಮು, ಪಟ್ಟಿ, ಸರ ಒಂದನ್ನೂ ಬಿಟ್ಟಿಲ್ಲ. ನನಗಂತೂ ಅವೇ ಹೆಚ್ಚು ಇಷ್ಟ.

ಇನ್ನೊಂದು ಕಥೆಯೂ ನಿಮ್ಮ ಕಿವಿಗೆ ಬಿದ್ದಿರಬಹುದು. ಕುದುರೆಯ ನಾಲ್ಕೂ ಕಾಲು ನೆಲದಲ್ಲಿದ್ದರೆ ಸವಾರ ಸಹಜವಾಗಿ ಸತ್ತ, ಒಂದು ಕಾಲು ಎತ್ತಿದ್ದರೆ ಗಾಯದಿಂದ ಸತ್ತ, ಎರಡು ಎತ್ತಿದ್ದರೆ ರಣರಂಗದಲ್ಲೇ ಸತ್ತ ಅಂತ. ಅಂಥ ನಿಯಮ ಯಾವುದೂ ಇಲ್ಲ. ಆ ಮಾರ್ಕಸ್ ಅರೇಲಿಯಸ್‌ನ ಕುದುರೆ ಒಂದು ಮುಂಗಾಲು ಎತ್ತಿದೆ. ಅವನು ಸತ್ತದ್ದು ಕಾಯಿಲೆಯಿಂದ.

ಒಂದು ತಮಾಷೆ ಹೇಳಲಾ? ಈ ಮನ್ರೋ ನಿಮಗೂ ನಮಗೂ ಇಬ್ಬರಿಗೂ ಕಲೆಕ್ಟರ್. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾಕ್ಕೆ ಅವರನ್ನೇ ಕಳಿಸಿದರು. ನಮ್ಮ ಬೇಕಲದ ಕಡೆಯೂ ಆಗ ಕೆನರಾಕ್ಕೇ ಸೇರಿತ್ತು. ಈ ಕರಾವಳಿ ಅವರಿಗೆ ಒಂಚೂರೂ ಹಿಡಿಸಲಿಲ್ಲ, ಬೇರೆ ಕಡೆ ಹಾಕಿ ಅಂತ ಕೇಳಿಕೊಂಡು 1800ರಲ್ಲಿ ನಿಮ್ಮ ಬಳ್ಳಾರಿ, ಆದೋನಿ, ಕಡಪದ ಸೀಮೆಗೆ ಬಂದರು. ಅಲ್ಲಿ ಏಳು ವರ್ಷ ಇದ್ದರು. ಆಮೇಲೆ ಮದ್ರಾಸಿನ ಗವರ್ನರ್ ಆದರು. 1827ರ ಜುಲೈಯಲ್ಲಿ ನಿಮ್ಮ ಪಕ್ಕದ ಪತ್ತಿಕೊಂಡದಲ್ಲೇ ಕಾಲರಾ ಬಂದು ತೀರಿಕೊಂಡರು. ಗುತ್ತಿಯಲ್ಲಿ ಮಣ್ಣು ಮಾಡಿ, ಕೆಲವು ವರ್ಷದ ಮೇಲೆ ಮದ್ರಾಸಿನ ಕೋಟೆಯೊಳಗಿನ ಚರ್ಚಿಗೆ ಒಯ್ದರು. ಮೊಮ್ಮಕ್ಕಳಿಗೆ ಚೆನ್ನೈಯ ಪ್ರತಿಮೆ ತೋರಿಸುವ ಮೊದಲು ಪತ್ತಿಕೊಂಡ ತೋರಿಸಿ.

ಚೆನ್ನೈಗೆ ಹೋದರೆ ಮರೀನಾದಲ್ಲಿ ದೇವಿಪ್ರಸಾದ್ ರಾಯ್ ಚೌಧುರಿ ಮಾಡಿದ 'ಶ್ರಮದ ಗೆಲುವು' ಕೂಡ ನೋಡಿ ಬನ್ನಿ. 1959ರದ್ದು. ನಾಲ್ಕು ಜನ ಸೇರಿ ಬಂಡೆಯೊಂದನ್ನು ಸರಿಸುತ್ತಿದ್ದಾರೆ. ಅವರಲ್ಲಿ ಯಾರೂ ದೊರೆ ಅಲ್ಲ, ಗವರ್ನರ್ ಅಲ್ಲ. ಬೆನ್ನಿನ ಸ್ನಾಯು, ಊರಿದ ಹಿಮ್ಮಡಿ ನೋಡಿ. ಮನ್ರೋ ಹಾಯಾಗಿ ಕೂತಿದ್ದಾರೆ, ಇವರು ಬೆವರುತ್ತಿದ್ದಾರೆ. ನೂರಿಪ್ಪತ್ತು ವರ್ಷದಲ್ಲಿ ಒಂದೇ ಊರಿನ ಶಿಲ್ಪ ಎಲ್ಲಿಂದ ಎಲ್ಲಿಗೆ ಬಂತು ಅಂತ ಈ ಎರಡನ್ನು ನೋಡಿದರೇ ಗೊತ್ತಾಗುತ್ತದೆ.

ಪ್ರಶ್ನೆ: ಬೇಲೂರಿಗೆ ಹೋಗಿಬಂದ ಮೇಲೆ ನಮ್ಮ ಬೇಕಲ ಕೋಟೆ ಬೋಳು ಬೋಳಾಗಿ ಕಾಣುತ್ತದೆ ಟೀಚರ್. ನಮ್ಮ ಊರಲ್ಲಿ ಶಿಲ್ಪಿಗಳೇ ಇರಲಿಲ್ವಾ? — ಗೃಹಿಣಿ, ಪೆರ್ಲ

ಉತ್ತರ: ಇದ್ದರು, ಕಲ್ಲು ಕೈಕೊಟ್ಟಿತು. ಬೇಲೂರಿನದ್ದು ಬಳಪದ ಕಲ್ಲು. ನುಣುಪು, ಒತ್ತಾದ ಕಣ, ಉಗುರಿನಷ್ಟು ಸಣ್ಣ ಹೂವನ್ನೂ ಬಿಡಿಸಬಹುದು. ನಮ್ಮದು ಮುರಕಲ್ಲು. ನಿಮ್ಮ ಮನೆಯ ಪಾಗಾರದಲ್ಲೇ ಒಂದು ಕಲ್ಲನ್ನು ಹತ್ತಿರದಿಂದ ನೋಡಿ. ಮೈತುಂಬಾ ತೂತು, ತೂತಿನೊಳಗೆ ಹಳದಿ ಮಣ್ಣು, ಸುತ್ತ ಕಬ್ಬಿಣದ ಕೆಂಪು. ಇದರಲ್ಲಿ ಮೂಗು ಕೆತ್ತಿದರೆ ಮೂಗಿನ ತುದಿಗೇ ಒಂದು ತೂತು ಬಂದು ಕೂರುತ್ತದೆ. ಆಮೇಲೆ ನಮ್ಮ ಜೂನ್ ತಿಂಗಳ ಮಳೆ ಬೇರೆ.

ಕಟ್ಟಲು ಮಾತ್ರ ಇಷ್ಟು ಒಳ್ಳೆಯ ಕಲ್ಲು ಇನ್ನೊಂದಿಲ್ಲ. ನೆಲದೊಳಗೆ ಇರುವಾಗ ಮೆದು, ಸುಲಭವಾಗಿ ಕಡಿಯಬಹುದು. ಹೊರಗೆ ತೆಗೆದು ಗಾಳಿ ಬಿಸಿಲಿಗೆ ಬಿಟ್ಟರೆ ಒಣಗಿ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್‌ಲೆಂಡಿನ ಡಾಕ್ಟರು ಮಲಪ್ಪುರಂ ಕಡೆಯ ಅಂಗಾಡಿಪುರದಲ್ಲಿ ಇದನ್ನೇ ಗಮನಿಸಿದರು. 1807ರಲ್ಲಿ ಅಚ್ಚಾದ ಅವರ ಪುಸ್ತಕದಿಂದಲೇ ಪ್ರಪಂಚಕ್ಕೆಲ್ಲ 'ಲ್ಯಾಟರೈಟ್' ಅನ್ನುವ ಹೆಸರು ಬಂದದ್ದು. ನಮ್ಮ ಅಜ್ಜಂದಿರು ಗುಡ್ಡಕ್ಕೆ ಅಡ್ಡಡ್ಡವಾಗಿ ಸುರಂಗ ಕೊರೆದು ನೀರು ತಂದದ್ದೂ ಈ ಕಲ್ಲಿನ ಗುಣದಿಂದಲೇ.

ಹಾಗಾಗಿ ಬೇಕಲದಲ್ಲಿ ಗೊಂಬೆ ಹುಡುಕಬೇಡಿ. ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ ಕೋಟೆ ಅದು. ಸಮುದ್ರದ ಕಡೆಯ ಗೋಡೆಯ ಕಿಂಡಿಗಳಿಗೆ ಕಣ್ಣಿಟ್ಟು ನೋಡಿ. ಮೇಲಿನ ಕಿಂಡಿಯಲ್ಲಿ ದೂರದ ನೀರು ಕಾಣುತ್ತದೆ, ಅದರ ಕೆಳಗಿನದ್ದರಲ್ಲಿ ಇನ್ನೂ ಹತ್ತಿರದ್ದು, ಎಲ್ಲಕ್ಕಿಂತ ಕೆಳಗಿನದ್ದರಲ್ಲಿ ಗೋಡೆಯ ಬುಡಕ್ಕೆ ಬಂದವನು. ಪ್ರತಿಯೊಂದರ ಓರೆಯೂ ಬೇರೆ ಬೇರೆ. ಗಾರೆಯವನು ಕೈತಪ್ಪದೆ ಆ ಓರೆ ಇಟ್ಟಿದ್ದಾನಲ್ಲ, ಅದೇ ಇಲ್ಲಿಯ ಶಿಲ್ಪ. ಸೆಲ್ಫಿ ತೆಗೆಯುವವರು ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ.

ಕೆತ್ತನೆಯೇ ಬೇಕೆಂದರೆ ಮರದ ಕಡೆ ತಿರುಗಿ. ನಮ್ಮ ಕರಾವಳಿಯ ಕುಶಲ ಕೈಗಳು ಹೋದದ್ದು ಅಲ್ಲಿಗೆ. ಮಧೂರಿನ ದೇವಸ್ಥಾನದಲ್ಲಿ ಆನೆಯ ಬೆನ್ನಿನಂತೆ ಬಾಗಿದ ಮೂರು ಅಂತಸ್ತಿನ ಮಾಡು, ಅದಕ್ಕೆ ತಾಮ್ರದ ಹೊದಿಕೆ. ಅದರ ಕೆಳಗೆ ಮರದಲ್ಲಿ ರಾಮಾಯಣ. ಅಪ್ಪದ ಪ್ರಸಾದಕ್ಕೆ ಸಾಲು ನಿಲ್ಲುವಾಗ ಒಮ್ಮೆ ತಲೆ ಎತ್ತಿ. ಅನಂತಪುರದ ಕೆರೆ ದೇವಸ್ಥಾನದ ಮೂಲ ಮೂರ್ತಿಗಳದ್ದು ಇನ್ನೊಂದು ದಾರಿ: ಎಪ್ಪತ್ತಕ್ಕೂ ಜಾಸ್ತಿ ವಸ್ತುಗಳನ್ನು ಅರೆದು ಕಲಸಿ ಮಾಡುವ ಕಡುಶರ್ಕರ ಪಾಕ. ಕಲ್ಲೂ ಅಲ್ಲ, ಲೋಹವೂ ಅಲ್ಲ. (ಅಲ್ಲಿಯ ಮೊಸಳೆ ಬಬಿಯಾ ಬಗ್ಗೆ ಪ್ರತಿ ತಿಂಗಳೂ ಪತ್ರ ಬರುತ್ತದೆ. ಅದು 2022ರಲ್ಲಿ ತೀರಿಹೋಯಿತು. ನನ್ನ ವಿಷಯಕ್ಕೆ ಅದು ಬರುವುದಿಲ್ಲ, ದಯವಿಟ್ಟು ಬಿಡಿ.)

ಪ್ರಶ್ನೆ: ನಮಸ್ಕಾರ ಅಕ್ಕಾರೀ. ಊರಲ್ಲಿ ಬಸವಣ್ಣನವರ ಪುತ್ಥಳಿ ಮಾಡಿಸಬೇಕಂತ ಕಮಿಟಿ ಮಾಡಿದ್ದೇವ್ರಿ. ಒಬ್ಬರು ಕಂಚು ಅಂತಾರೆ, ಒಬ್ಬರು ಫೈಬರ್ ಸಾಕು ಅಂತಾರೆ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಏನು ಮಾಡೋಣ್ರಿ? — ಕಿರಾಣಿ ವ್ಯಾಪಾರಿ, ಅಕ್ಕಲಕೋಟೆ ತಾಲೂಕು

ಉತ್ತರ: ಫೋಟೋ ನೋಡಿ ದುಡ್ಡು ಕೊಡಬೇಡಿ ಅಣ್ಣಾರೆ. ಫೈಬರ್‌ಗೆ ಕಂಚಿನ ಬಣ್ಣ ಬಳಿದರೆ ಉದ್ಘಾಟನೆಯ ದಿನ ಯಾರಿಗೂ ಗೊತ್ತಾಗುವುದಿಲ್ಲ. ಸೊಲ್ಲಾಪುರದ ಕಡೆಯ ಬಿಸಿಲಿಗೆ ಬಣ್ಣ ಏಳುತ್ತದೆ, ಸೀಳು ಬಿಡುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಕಂಚು ನಾದ ಕೊಡುತ್ತದೆ, ಫೈಬರ್ ಡಬ್ ಅನ್ನುತ್ತದೆ.

ಕಂಚಿನದ್ದು ಒಳಗೆ ಟೊಳ್ಳು. ಮೊದಲು ಜೇಡಿಮಣ್ಣಿನಲ್ಲಿ ಪೂರ್ತಿ ಆಕಾರ, ಅದರ ಮೇಲೆ ಅಚ್ಚು, ಅಚ್ಚಿನೊಳಗೆ ಮೇಣದ ಪದರ. ಮೇಣ ಕರಗಿ ಹರಿದುಹೋದ ಜಾಗಕ್ಕೆ ಕಾದ ಲೋಹ ಹೊಯ್ಯುತ್ತಾರೆ. ದೊಡ್ಡದಾದರೆ ತುಂಡು ತುಂಡಾಗಿ ಎರಕ ಹೊಯ್ದು ಬೆಸೆಯುತ್ತಾರೆ. ನಿಮ್ಮ ಕಮಿಟಿಯವರು ಹೋಗಬೇಕಾದದ್ದು ಜೇಡಿಮಣ್ಣಿನ ಹಂತದಲ್ಲಿ. ಕಿವಿ ಸಣ್ಣದಾಯಿತು, ಕೈ ಗಿಡ್ಡವಾಯಿತು ಅಂತ ಹೇಳುವುದಿದ್ದರೆ ಅಲ್ಲೇ ಹೇಳಿ. ಎರಕ ಆದ ಮೇಲೆ ಜಗಳ ಮಾತ್ರ ಉಳಿಯುತ್ತದೆ.

ಹಣ ಕಮ್ಮಿ ಇದ್ದರೆ ಕುದುರೆ ಬಿಡಿ. ಎದೆಮಟ್ಟದ ಪುತ್ಥಳಿ ಸಾಕು. ಲಂಡನ್ನಿನಲ್ಲಿ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನೂ ಎದೆಮಟ್ಟದ್ದೇ. ಬಸವಣ್ಣನವರ ಕಾಲದ ಚಿತ್ರ ಯಾವುದೂ ನಮಗೆ ಸಿಕ್ಕಿಲ್ಲ, ಕ್ಯಾಲೆಂಡರಿನ ಮುಖವನ್ನೇ ಹಿಡಿದು ಕೂರಬೇಕಾಗಿಲ್ಲ. ಶಿಲ್ಪಿಗೆ ಸ್ವಲ್ಪ ಉಸಿರಾಡಲು ಬಿಡಿ.

ಜಾಗದ ವಿಷಯ ಮೊದಲೇ ನೋಡಿಕೊಳ್ಳಿ. ರಸ್ತೆ, ಫುಟ್‌ಪಾತ್ ಮೇಲೆ ಪುತ್ಥಳಿಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಹೇಳಿದೆ. ಅದು ಶುರುವಾದದ್ದು ನಮ್ಮ ಕೇರಳದ ಒಂದು ಪುತ್ಥಳಿಯಿಂದಲೇ! ಹೇಗೂ ಸೊಲ್ಲಾಪುರಕ್ಕೆ ಹೋಗುತ್ತಿರುತ್ತೀರಿ, ಚಾರ್ ಹುತಾತ್ಮ ಚೌಕದಲ್ಲಿ ಐದು ನಿಮಿಷ ನಿಲ್ಲಿ. 1931ರ ಜನವರಿ 12ರಂದು ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ನಾಲ್ವರಿಗೂ ಒಂದೇ ಕಡೆ ಜಾಗ. ಜಾತಿಗೊಂದು ಚೌಕ, ಚೌಕಕ್ಕೊಂದು ಪುತ್ಥಳಿ ಅನ್ನುವ ಈ ಕಾಲದಲ್ಲಿ ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಕೆರೆ ಏರಿ ಮೇಲೆ ಒಂದು ಕೆತ್ತಿದ ಕಲ್ಲಿದೆ ಮೇಡಂ. ಕೆಳಗೆ ಬಿಲ್ಲು ಹಿಡಿದವನು, ಮೇಲೆ ಹೆಂಗಸರು, ತುದಿಯಲ್ಲಿ ಲಿಂಗ. ರಸ್ತೆ ಅಗಲ ಮಾಡುವವರು ಕಿತ್ತು ಪಕ್ಕಕ್ಕೆ ಹಾಕುತ್ತಾರಂತೆ. — ಕಾಲೇಜು ವಿದ್ಯಾರ್ಥಿ, ಹೊಸೂರು

ಉತ್ತರ: ವೀರಗಲ್ಲು ಮಗಾ ಅದು. ನಿಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿ ಇಂಥವು ಬಹಳ ಇವೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಜಗಳ, ಎಷ್ಟೋ ಸಲ ದನ ಬಿಡಿಸಿಕೊಳ್ಳಲು ಹೋದದ್ದು. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು. ಮೇಲೆ ಶಿವಲೋಕ. ಅರಸರ ಹಣದಲ್ಲಿ ಅಲ್ಲ, ಊರು ತನ್ನವನಿಗಾಗಿ ದಾರಿ ಬದಿಯಲ್ಲಿ ನಿಲ್ಲಿಸಿದ ಕಲ್ಲುಗಳೇ ಜಾಸ್ತಿ. ಚೌಕದ ಪುತ್ಥಳಿಗಳಿಗೆಲ್ಲ ಇವೇ ಹಿರಿಯರು.

ಇವತ್ತೇ ಫೋಟೋ ತೆಗೆ, ಪಕ್ಕದಲ್ಲಿ ಒಂದು ಸ್ಕೇಲ್ ಇಡು. ಅಕ್ಷರ ಇದೆಯಾ ನೋಡಲು ಸುಣ್ಣ, ಚಾಕ್‌ಪೀಸ್ ಉಜ್ಜಬೇಡ. ಕತ್ತಲಾದ ಮೇಲೆ ಹೋಗಿ ಟಾರ್ಚನ್ನು ಕಲ್ಲಿನ ಮೈಗೆ ತಾಗಿದ ಹಾಗೆ ಪಕ್ಕದಿಂದ ಹಿಡಿ. ಸವೆದ ಗೆರೆಗೂ ನೆರಳು ಬೀಳುತ್ತದೆ, ಹಗಲಲ್ಲಿ ಕಾಣದ ಸಾಲು ಎದ್ದು ಬರುತ್ತದೆ. ಫೋಟೋ ಹಿಡಿದು ಕೃಷ್ಣಗಿರಿಯ ಸರ್ಕಾರಿ ಮ್ಯೂಸಿಯಂಗೆ ಹೋಗು, ಬರೆದೇ ಕೊಡು. ಬಾಯಿಮಾತು ರಸ್ತೆ ಕೆಲಸದವರ ಮುಂದೆ ನಡೆಯುವುದಿಲ್ಲ.

ಪ್ರಶ್ನೆ: ಮಲಂಪುಳದ ಯಕ್ಷಿ ಮಾಡಿದವರು ನಮ್ಮ ಜಿಲ್ಲೆಯವರಾ? — ನೀಲೇಶ್ವರ

ಉತ್ತರ: ಹೌದು, ನಿಮ್ಮ ಹತ್ತಿರದವರೇ. ಕಾನಾಯಿ ಕುಞಿರಾಮನ್, ಚೆರುವತ್ತೂರು ಕಡೆಯ ಕುಟ್ಟಮತ್ತಿನವರು. ಪಾಲಕ್ಕಾಡಿನ ಮಲಂಪುಳ ಅಣೆಕಟ್ಟಿನ ತೋಟದಲ್ಲಿರುವ ಈ ಹೆಣ್ಣಿನ ಶಿಲ್ಪ, ಯಕ್ಷಿ, 1969ರದ್ದು, ಮೂವತ್ತು ಅಡಿ. ಬತ್ತಲೆ ಅಂತ ಆಗ ಗಲಾಟೆ ಆಯಿತು, ಈಗ ಕುಟುಂಬ ಸಮೇತ ನಿಂತು ಫೋಟೋ ತೆಗೆಯುತ್ತಾರೆ. ಕಾಸರಗೋಡಿನ ಜಿಲ್ಲಾ ಪಂಚಾಯತ್ ಆವರಣದಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದವರಿಗಾಗಿ ಅವರು ಮಾಡಿದ ತಾಯಿ-ಮಗು ಶಿಲ್ಪ ಇದೆ. ಅದನ್ನೂ ನೋಡಿ.

ಪ್ರಶ್ನೆ: ವಾಸ್ತು ಪ್ರಕಾರ ಪುತ್ಥಳಿ ಯಾವ ದಿಕ್ಕಿಗೆ ಮುಖ ಮಾಡಬೇಕು? — ಮಂಜೇಶ್ವರ

ಉತ್ತರ: ವಾಸ್ತು ನನಗೆ ಬರುವುದಿಲ್ಲ, ಬಿಸಿಲು ಬರುತ್ತದೆ. ಉತ್ತರಕ್ಕೆ ಮುಖ ಮಾಡಿದರೆ ವರ್ಷದ ಹೆಚ್ಚಿನ ದಿನ ಮುಖದ ಮೇಲೆ ನೆರಳು, ಕಂಚಂತೂ ಕಪ್ಪು ಮುದ್ದೆಯಾಗಿ ಕಾಣುತ್ತದೆ. ಪೂರ್ವಕ್ಕೋ ಆಗ್ನೇಯಕ್ಕೋ ತಿರುಗಿಸಿ. ಬ್ಯಾನರ್ ಕಟ್ಟುವ ಕಂಬ ಎದುರಿಗೆ ಬಾರದ ಹಾಗೆ ಪಂಚಾಯತಿನವರಿಂದ ಈಗಲೇ ಬರೆಸಿಕೊಳ್ಳಿ.