ಒಂದೇ ಖಾಲಿ ಹೊಟ್ಟೆ, ಐದು ಟವಲ್ಲು

ಈ ಪ್ರಕರಣದ ಟೀಚರನ್ನು ವಸುಧಾ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲಾ ಅಂತ ಕೇಳಿದಾಗ ಅವರೇ ನಕ್ಕು, "ಬರೀರಿ ಮೇಡಂ, ನಮ್ಮ ಸ್ಟಾಫ್ ರೂಮಲ್ಲೇ ನನ್ನಂಥೋರು ನಾಲ್ಕು ಜನ ಇದ್ದಾರೆ" ಎಂದರು.

ವಯಸ್ಸು 46. ಮಲೆನಾಡಿನ ಸೆರಗಿನ ಒಂದು ತಾಲ್ಲೂಕು ಊರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಸಸ್ಯಾಹಾರಿ. ಎಂಟು ವರ್ಷದಿಂದ ಥೈರಾಯ್ಡ್ ಮಾತ್ರೆ ನಡೆಯುತ್ತಿದೆ. ಹಿಮೋಗ್ಲೋಬಿನ್ 10.2 ಬಂದಿತ್ತು (ಹೆಂಗಸರಿಗೆ 12 ಆದರೂ ಇರಬೇಕು), ಅದಕ್ಕೇ ಡಾಕ್ಟರು ಊಟದ ವಿಚಾರ ಮಾತಾಡಿಕೊಂಡು ಬನ್ನಿ ಎಂದು ನನ್ನ ಹತ್ತಿರ ಕಳಿಸಿದ್ದರು.

ಅವರ ದೂರು ಒಂದೇ. ಸುಸ್ತು. "ಎರಡನೇ ಪೀರಿಯಡ್ಡಿಗೇ ಕುರ್ಚಿ ಹುಡುಕ್ತೀನಿ. ಬೋರ್ಡಿನ ಮೇಲೆ ಲೆಕ್ಕ ಅರ್ಧಕ್ಕೆ ಬಿಟ್ಟು ಮಕ್ಕಳಿಗೆ ನೀವೇ ಮುಗಿಸಿ ಅಂತೀನಿ." ಕೂದಲು ಉದುರುತ್ತಿತ್ತು. ಮಲಬದ್ಧತೆ. ಫೆಬ್ರವರಿಯಲ್ಲೂ ಸ್ವೆಟರ್ ಹಾಕಿಕೊಂಡೇ ಬಂದಿದ್ದರು.

ನಾನು ಮಾಮೂಲಿ ಪ್ರಶ್ನೆ ಕೇಳಿದೆ. ಥೈರಾಯ್ಡ್ ಬಿಟ್ಟು ಬೇರೆ ಮಾತ್ರೆ ಏನಾದರೂ ತಗೋತೀರಾ? "ಐರನ್ ಒಂದು, ಕ್ಯಾಲ್ಸಿಯಂ ಒಂದು, ಅಷ್ಟೇ." ಬರೆದುಕೊಂಡೆ. ಹುರುಳಿ, ಸೊಪ್ಪು, ನಿಂಬೆಹಣ್ಣು ಅಂತ ಒಂದು ಚೀಟಿ ಕೊಟ್ಟು ಕಳಿಸಿದೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಆ ದಿನ ನಾನು ಕೇಳಿದ್ದು ತಪ್ಪು ಪ್ರಶ್ನೆ. ಮೂರು ವಾರ ಬಿಟ್ಟು ಬಂದಾಗ ಸುಸ್ತು ಹಾಗೇ ಇತ್ತು, ಇನ್ನೂ ಸ್ವಲ್ಪ ಜಾಸ್ತಿಯೇ ಆಗಿತ್ತು. ಆಗ ಪ್ರಶ್ನೆ ಬದಲಿಸಿದೆ. "ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ, ಸ್ಕೂಲಿಗೆ ಹೊರಡೋವರೆಗೆ ಬಾಯಿಗೆ ಏನೇನು ಹೋಗುತ್ತೆ, ಒಂದೊಂದಾಗಿ ಹೇಳಿ."

ಹೇಳುತ್ತಾ ಹೋದರು. ಐದೂವರೆಗೆ ಥೈರಾಯ್ಡ್ ಮಾತ್ರೆ. ಅದನ್ನು ನುಂಗೋದೇ ಬಿಸಿನೀರು, ನಿಂಬೆ, ಜೇನುತುಪ್ಪದ ಜೊತೆ. ಹತ್ತು ನಿಮಿಷಕ್ಕೆ ನುಗ್ಗೆಸೊಪ್ಪಿನ ಪುಡಿ ಕದಡಿದ ನೀರು. ಆಮೇಲೆ ಅಮೃತಬಳ್ಳಿ ಕಷಾಯ, 2020ರ ಕೊರೊನಾ ಕಾಲದಲ್ಲಿ ಶುರುವಾಗಿದ್ದು ನಿಂತೇ ಇಲ್ಲ. ಸ್ಪಿರುಲಿನಾ ಅನ್ನೋ ಪಾಚಿಯ ಎರಡು ಗುಳಿಗೆ. ಆರಕ್ಕೆ ಫಿಲ್ಟರ್ ಕಾಫಿ. ತಿಂಡಿಯ ಬದಲು ಒಂದು ಲೋಟ ಮಾಲ್ಟ್, ಅದರ ಜೊತೆ ಐರನ್ನೂ ಕ್ಯಾಲ್ಸಿಯಮ್ಮೂ ಒಟ್ಟಿಗೆ. ರಾತ್ರಿ ಹಾಲಿಗೆ ಅಶ್ವಗಂಧ. ಮತ್ತೆ ಕೂದಲಿಗೆ ಅಂತ ಮಗಳು ತಂದುಕೊಟ್ಟ ಗಮ್ಮಿ, ಅಂದರೆ ಅಗಿಯುವ ಮಿಠಾಯಿಯಂಥ ವಿಟಮಿನ್.

"ಇದನ್ನೆಲ್ಲ ಡಾಕ್ಟರಿಗೆ ಹೇಳಿದ್ರಾ?"

"ಅವರು ಮಾತ್ರೆ ಕೇಳಿದ್ರು ಮೇಡಂ. ಇದು ಮಾತ್ರೆ ಅಲ್ವಲ್ಲ, ಸುಮ್ನೆ ತಗೊಳ್ಳೋದು."

ಈ "ಸುಮ್ನೆ ತಗೊಳ್ಳೋದು" ಎಂಬ ಖಾತೆ ನಮ್ಮ ಎಲ್ಲರ ಮನೆಯಲ್ಲೂ ಇದೆ. ಔಷಧಿಗೆ ಲೆಕ್ಕ ಇಡುತ್ತೇವೆ, ಇದಕ್ಕೆ ಇಡುವುದಿಲ್ಲ. ಗಿಡದ್ದು, ಬೇರಿನದ್ದು, ಅಮ್ಮ ಮಾಡಿದ್ದು. ಲೆಕ್ಕ ಯಾಕೆ?

ಮಾರನೇ ದಿನ ಎಲ್ಲವನ್ನೂ ತರಲು ಹೇಳಿದೆ. ಜವಳಿ ಅಂಗಡಿಯ ಕೈಚೀಲವೊಂದನ್ನು ತಂದು ಟೇಬಲ್ ಮೇಲೆ ಖಾಲಿ ಮಾಡಿದರು. ಒಂಬತ್ತು ಡಬ್ಬಿ, ಬಾಟಲು. ಒಂದು ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ, ನಡುಗುವ ಅಕ್ಷರದಲ್ಲಿ ಬಾಲ್‌ಪೆನ್ನಿನಿಂದ ಬರೆದಿತ್ತು: "ನುಗ್ಗೆ. ನೆರಳಲ್ಲಿ ಒಣಗಿಸಿದ್ದು." ಅವರ ತಾಯಿಗೆ 74. ಹಿತ್ತಿಲ ಮರದ ಸೊಪ್ಪು ಬಿಡಿಸಿ, ಹಂಚಿನ ಜಗುಲಿಯಲ್ಲಿ ಪಂಚೆ ಹಾಸಿ ಒಣಗಿಸಿ, ಮಿಕ್ಸಿಗೆ ಹಾಕಿ, ಬಸ್ಸಲ್ಲಿ ಬರುವವರ ಕೈಲಿ ಕಳಿಸುತ್ತಾರಂತೆ. ಗಮ್ಮಿ ಬಾಟಲು ಮಗಳ ಮೊದಲ ಸಂಬಳದ್ದು. ಅಶ್ವಗಂಧ ಅತ್ತಿಗೆ ಹೇಳಿದ್ದು. ಸ್ಪಿರುಲಿನಾ ಸಹೋದ್ಯೋಗಿ ಮಾರಿದ್ದು, ಬೇಡ ಅಂದರೆ ದಿನಾ ಮುಖ ನೋಡಬೇಕಲ್ಲ. ಒಂದೊಂದು ಡಬ್ಬಿಯ ಹಿಂದೆಯೂ ಒಬ್ಬೊಬ್ಬರು ನಿಂತಿದ್ದರು.

ಬೆಳಗಿನ ಹೆಚ್ಚಿನದಕ್ಕೆಲ್ಲ ಒಂದೇ ಸೂಚನೆ: ಖಾಲಿ ಹೊಟ್ಟೆಗೆ. ಇರುವುದು ಒಂದೇ ಖಾಲಿ ಹೊಟ್ಟೆ. ರಶ್ಶಿನ ಬಸ್ಸಿಗೆ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವ ಹಾಗೆ, ಒಂದು ಸೀಟಿಗೆ ಐದು ಟವಲ್ಲು ಬಿದ್ದಿದ್ದವು. ಕಾಫಿಯಂತೂ ಟವಲ್ ಹಾಕದೆ ನುಗ್ಗುವ ಗಿರಾಕಿ. ಇದನ್ನು ಹೇಳಿದಾಗ ವಸುಧಾ ಮೊದಲ ಸಲ ಜೋರಾಗಿ ನಕ್ಕರು.

ಆ ಸೀಟು ಯಾರದ್ದು ಎಂದು ಅವರಿಗೆ ಹೀಗೆ ವಿವರಿಸಿದೆ. ಥೈರಾಯ್ಡ್ ಮಾತ್ರೆಯಲ್ಲಿರುವುದು ಮೈಕ್ರೋಗ್ರಾಂ ಲೆಕ್ಕದ ಹಾರ್ಮೋನು. ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಅಷ್ಟು ಚಿಕ್ಕ ಪ್ರಮಾಣವನ್ನು ಕರುಳು ಚೆನ್ನಾಗಿ ಹೀರಬೇಕಾದರೆ ದಾರಿ ತೆರವಾಗಿರಬೇಕು. ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ತಿಂಡಿ. ಕಾಫಿಗೂ ಅದೇ ಕಾಯುವಿಕೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರ ನಾಲ್ಕು ಗಂಟೆ ದೂರ ಇರಬೇಕು. ಅವು ಹಾರ್ಮೋನಿಗೆ ಅಂಟಿಕೊಂಡು ಒಳಗೆ ಹೋಗಲು ಬಿಡುವುದಿಲ್ಲ. ನುಗ್ಗೆಪುಡಿಯಲ್ಲಿ ಸುಣ್ಣದಂಶ ಜಾಸ್ತಿ, ಅದು ಅದರ ಹೆಚ್ಚುಗಾರಿಕೆಯೇ, ಆದರೆ ಬೆಳಗಿನ ಐದೂ ಮುಕ್ಕಾಲಿಗೆ ಅಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಗಮ್ಮಿ. ಕೆಂಪು ಕರಡಿಮರಿಯ ಆಕಾರ, ಸ್ಟ್ರಾಬೆರಿ ವಾಸನೆ. ಬಾಟಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಬಯೋಟಿನ್ 10,000 ಮೈಕ್ರೋಗ್ರಾಂ ಎಂದಿತ್ತು. ಬಯೋಟಿನ್ ಅಂದರೆ ಬಿ ಗುಂಪಿನ ಒಂದು ವಿಟಮಿನ್. ದೊಡ್ಡವರಿಗೆ ದಿನಕ್ಕೆ 30ರಿಂದ 40 ಮೈಕ್ರೋಗ್ರಾಂ ಸಾಕು, ಅದು ಮಾಮೂಲಿ ಊಟದಲ್ಲೇ ಸಿಗುತ್ತದೆ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಹಾಗಾಗಿ ವಿಷವೇನಲ್ಲ. ತೊಂದರೆ ಬೇರೆ ಕಡೆ ಇದೆ. ಅನೇಕ ಲ್ಯಾಬುಗಳ ಥೈರಾಯ್ಡ್ ಪರೀಕ್ಷೆ ನಡೆಯುವುದೇ ಬಯೋಟಿನ್ ಅಂಟಿನ ಮೇಲೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಯಂತ್ರ ಗೊಂದಲಕ್ಕೆ ಬಿದ್ದು, ಟಿಎಸ್‌ಎಚ್ ಇರುವುದಕ್ಕಿಂತ ಕಮ್ಮಿ ತೋರಿಸಬಹುದು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.

ಟಿಎಸ್‌ಎಚ್ ಅಂದರೆ ಮಿದುಳಿನ ಬುಡದ ಗ್ರಂಥಿ ಥೈರಾಯ್ಡನ್ನು ಕೂಗುವ ಕೂಗು. ಹಾರ್ಮೋನು ಸಾಲದಿದ್ದರೆ ಕೂಗು ಜೋರು, ಜಾಸ್ತಿಯಾದರೆ ಮೆತ್ತಗೆ. ವಸುಧಾ ಅವರ ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆವು. ಗಣಿತದ ಟೀಚರಲ್ಲವೇ, ಅವರೇ ಪೆನ್ಸಿಲ್ ಹಿಡಿದರು. ಮೊದಲು ಟಿಎಸ್‌ಎಚ್ 9 ಬಂದಿತ್ತು, ಮಾತ್ರೆ 75 ಮೈಕ್ರೋಗ್ರಾಮಿನಿಂದ 100ಕ್ಕೆ ಏರಿತು. ದೀಪಾವಳಿಗೆ ಮಗಳು ಗಮ್ಮಿ ತಂದಳು. ಡಿಸೆಂಬರಿನ ರಿಪೋರ್ಟಿನಲ್ಲಿ 0.2. ಕೂಗು ಮೆತ್ತಗಾಗಿದೆ, ಮಾತ್ರೆ ಜಾಸ್ತಿಯಾಯಿತು ಎಂದು 75ಕ್ಕೆ ಇಳಿಯಿತು. ಅಲ್ಲಿಂದಲೇ ಸ್ವೆಟರ್ ಶುರು. ಪೆನ್ಸಿಲ್ಲಿನಿಂದ "ದೀಪಾವಳಿ"ಗೆ ಸುತ್ತು ಹಾಕಿ, ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಡಾಕ್ಟರದ್ದು ತಪ್ಪಲ್ಲ. ಅವರ ಮುಂದಿದ್ದ ಕಾಗದ ಹಾಗೇ ಹೇಳುತ್ತಿತ್ತು.

ಮಾತ್ರೆಯ ಪ್ರಮಾಣ ಬದಲಿಸುವುದು ನನ್ನ ಕೆಲಸವಲ್ಲ. ಒಂಬತ್ತೂ ಡಬ್ಬಿಯ ಹೆಸರು, ಪ್ರಮಾಣ, ತಗೊಳ್ಳುವ ಹೊತ್ತು ಒಂದು ಹಾಳೆಯಲ್ಲಿ ಬರೆದು, ಅವರ ಕೈಲೇ ಡಾಕ್ಟರಿಗೆ ಕೊಡಿಸಿದೆ. ಡಾಕ್ಟರು ಗಮ್ಮಿ ಮತ್ತು ಅಶ್ವಗಂಧ ಎರಡನ್ನೂ ನಿಲ್ಲಿಸಿದರು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು ಎಂದು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ, ಮಾತ್ರೆ ತಗೊಳ್ಳುವವರು ಕೇಳದೆ ಮುಟ್ಟಬಾರದು. ಪರೀಕ್ಷೆಗೆ ಎರಡು ದಿನ ಮೊದಲಾದರೂ ಬಯೋಟಿನ್ ಬಿಡಬೇಕು ಎನ್ನುತ್ತಾರೆ. ಇವರು ಒಂದು ವಾರವೇ ಬಿಟ್ಟು ಮಾಡಿಸಿದರು. ಟಿಎಸ್‌ಎಚ್ 11.4. ಜೊತೆಗೆ ವಿಟಮಿನ್ ಬಿ12 ಕೂಡ ನೋಡಿದರು, ತುಂಬಾ ಕಮ್ಮಿ ಇತ್ತು. "ಸ್ಪಿರುಲಿನಾದಲ್ಲಿ ಬಿ12 ಇದೆ ಅಂತ ಹೇಳಿದ್ರಲ್ಲ?" ಅಂದರು ವಸುಧಾ. ಅದರಲ್ಲಿರುವುದು ಬಹುಪಾಲು ಬಿ12ರ ವೇಷ ಹಾಕಿದ ಬೇರೆ ವಸ್ತು, ನಮ್ಮ ಮೈಗೆ ಉಪಯೋಗಕ್ಕೆ ಬರುವುದಿಲ್ಲ. ಒಂಬತ್ತು ಡಬ್ಬಿ ಇಟ್ಟುಕೊಂಡ ಹೆಂಗಸಿಗೆ ನಿಜಕ್ಕೂ ಬೇಕಾಗಿದ್ದ ಒಂದು ಮಾತ್ರೆ ಅವುಗಳಲ್ಲಿ ಇರಲೇ ಇಲ್ಲ.

ಅಮೃತಬಳ್ಳಿಯ ವಿಚಾರಕ್ಕೆ ಸ್ವಲ್ಪ ವಾದವಾಯಿತು. ಅವರ ಮನೆಯವರಿಗೆ ಅದರ ಮೇಲೆ ಬಹಳ ನಂಬಿಕೆ. 2021ರಲ್ಲಿ ಮುಂಬೈಯ ವೈದ್ಯರು, ಅಮೃತಬಳ್ಳಿ ಸೇವಿಸುತ್ತಿದ್ದ ಆರು ಜನರ ಲಿವರ್‌ಗೆ ಪೆಟ್ಟಾದ ವರದಿ ಪ್ರಕಟಿಸಿದ್ದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಥರ ಕಾಣುವ ಬೇರೆ ಬಳ್ಳಿ ಸೇರಿರಬಹುದು ಎಂದಿತು. ಇರಬಹುದು. ಆದರೆ ಅದರಿಂದ ನನ್ನ ಭಯ ಕಮ್ಮಿಯಾಗಲಿಲ್ಲ. ಪೇಟೆಯ ಪುಡಿಯಲ್ಲಿ ಯಾವ ಬಳ್ಳಿ ಇದೆ ಅಂತ ನಾವು ಹೇಗೆ ಕಂಡುಹಿಡಿಯುವುದು? ಕೊರೊನಾ ಮುಗಿದು ಎಷ್ಟು ದಿನವಾಯಿತು, ಇನ್ನೂ ಯಾವುದಕ್ಕೆ ಕುಡೀತಿದ್ದೀರಿ ಎಂದು ಕೇಳಿದೆ. ಅವರಿಗೂ ನೆನಪಿರಲಿಲ್ಲ. ಕಷಾಯ ನಿಂತಿತು.

ಉಪ್ಪಿನ ವಿಷಯ ಆಕಸ್ಮಿಕವಾಗಿ ಬಂತು. ಬಿಪಿಗೆ ಒಳ್ಳೆಯದು ಅಂತ ಎರಡು ವರ್ಷದಿಂದ ಗುಲಾಬಿ ಬಣ್ಣದ ಸೈಂಧವ ಉಪ್ಪು ಮಾತ್ರ ಬಳಸುತ್ತಿದ್ದರಂತೆ. ಅದೂ ಉಪ್ಪೇ, ಬಿಪಿಗೆ ವ್ಯತ್ಯಾಸವೇನಿಲ್ಲ. ಆ ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಅಂತ ಎಲ್ಲೂ ಬರೆದಿರಲಿಲ್ಲ. ಚಿಕ್ಕಮಗಳೂರು, ಕೊಡಗಿನ ಕಡೆ ಗಳಗಂಡ (ಅಯೋಡಿನ್ ಸಾಲದೆ ಕುತ್ತಿಗೆ ಊದುವ ರೋಗ) ಮಾಮೂಲಾಗಿದ್ದ ಕಾಲ ಒಂದಿತ್ತು; ಅಂಥ ಊರುಗಳಿಗೆ ಅಯೋಡಿನ್ ಉಪ್ಪು ತಂದದ್ದೇ ಅದಕ್ಕೆ. ಈಗ ನಾವು ದುಡ್ಡು ಜಾಸ್ತಿ ಕೊಟ್ಟು ಅದಿಲ್ಲದ ಉಪ್ಪು ತರುತ್ತಿದ್ದೇವೆ. ಮಾಮೂಲಿ ಅಯೋಡಿನ್ ಉಪ್ಪಿಗೆ, ಅಳತೆಯಲ್ಲಿ, ವಾಪಸ್ ಬನ್ನಿ ಎಂದೆ. ಥೈರಾಯ್ಡಿಗೆ ಆಗಲ್ಲ ಅಂತ ಎಲೆಕೋಸು, ಹೂಕೋಸು, ಮೂಲಂಗಿ ಬಿಟ್ಟಿದ್ದರು, ಅದನ್ನೂ ಬೇಯಿಸಿ ಧಾರಾಳವಾಗಿ ತಿನ್ನಿ ಎಂದೆ.

ಇನ್ನು ಊಟ. ಪುಡಿಗಳ ಗಲಾಟೆಯಲ್ಲಿ ತಿಂಡಿಯೇ ಮಾಯವಾಗಿತ್ತು. ಮಾಲ್ಟ್ ಕುಡಿದು ಸ್ಕೂಲಿಗೆ ಹೋದವರು ಒಂದೂವರೆಗೆ ಡಬ್ಬಿ ತೆರೆದರೆ ಅನ್ನ, ನಿನ್ನೆಯ ಸಾರು. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಎನ್ನುತ್ತದೆ ನಮ್ಮ ದೇಶದ ಲೆಕ್ಕ, ಅನ್ನ ಸಾರಿನಲ್ಲಿ ಅದರ ಕಾಲು ಪಾಲೂ ಸಿಗುವುದಿಲ್ಲ. ಹೊಸದೇನೂ ಕೊಳ್ಳಬೇಡಿ, ನಿಮ್ಮ ಅಡುಗೆಮನೆಯಲ್ಲಿ ಇರುವುದನ್ನೇ ಹೇಳಿ ಎಂದೆ. ಹುರುಳಿ ಇತ್ತು. 100 ಗ್ರಾಂ ಹುರುಳಿಯಲ್ಲಿ ಸುಮಾರು 7ರಿಂದ 8 ಮಿಲಿಗ್ರಾಂ ಕಬ್ಬಿಣ. ಕಟ್ಟು ಬಸಿದು ಸಾರು ಮಾಡಿ ಕಾಳನ್ನು ದನಕ್ಕೆ ಹಾಕುತ್ತಿದ್ದರು! ಕಾಳಿನ ಉಸಲಿ ಮಾಡಿ, ಮೇಲೆ ನಿಂಬೆಹಣ್ಣು ಹಿಂಡಿ. ಹುಳಿ ಸೇರಿದರೆ ಸೊಪ್ಪು, ಕಾಳಿನ ಕಬ್ಬಿಣವನ್ನು ಮೈ ಚೆನ್ನಾಗಿ ಹೀರುತ್ತದೆ. ರಾಗಿ ಇತ್ತು, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅದನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಇನ್ನೂ ಒಳ್ಳೆಯದು, ಕಬ್ಬಿಣವನ್ನು ಹಿಡಿದಿಡುವ ಅಂಶ ಕಮ್ಮಿಯಾಗುತ್ತದೆ. ಹುಚ್ಚೆಳ್ಳಿನ ಚಟ್ನಿಪುಡಿ, ಹಿತ್ತಿಲಲ್ಲಿ ಒಂದೆಲಗ. ತಂಬುಳಿ ಮಾಡಿ ಎಷ್ಟು ದಿನವಾಯ್ತು ಎಂದು ಕೇಳಿದರೆ, "ಅಂಗಡಿಯ ಬ್ರಾಹ್ಮಿ ಕ್ಯಾಪ್ಸೂಲ್ ಇದೆಯಲ್ಲ ಅಂತ ಬಿಟ್ಟೆ" ಎಂದರು. ಕೈಚೀಲದ ಏಳನೇ ಡಬ್ಬಿ ಅದು.

ಕಾಫಿ ಬಿಡಿ ಎನ್ನಲಿಲ್ಲ. ಅಂದರೆ ನನ್ನನ್ನೇ ಬಿಡುತ್ತಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದ ಹಾಗೆ ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಬೇಡ ಎಂದೆ. ಮಾತ್ರೆ ಐದೂವರೆಗೆ, ಕಾಫಿ ಆರೂವರೆಗೆ, ತಿಂಡಿ ಏಳೂಮುಕ್ಕಾಲಿಗೆ. ಐರನ್ ಮಾತ್ರೆ ಸ್ಕೂಲಿನಲ್ಲಿ ಹನ್ನೊಂದಕ್ಕೆ, ಒಂದು ಸೀಬೆಹಣ್ಣಿನ ಜೊತೆ. ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ. ಬಿ12 ಡಾಕ್ಟರು ಹೇಳಿದ ಹಾಗೆ.

ಉಳಿದದ್ದು ಅಮ್ಮನ ಡಬ್ಬಿ. ಅದರ ಮುಚ್ಚಳದ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. "ಇದನ್ನೂ ಬಿಡಬೇಕಾ?" ಬೇಡ, ಜಾಗ ಬದಲಿಸಿ ಸಾಕು ಎಂದೆ. ರಾತ್ರಿ ಚಪಾತಿ ಹಿಟ್ಟಿಗೆ ಎರಡು ಚಮಚ. ಅವರ ಹೆಗಲು ಇಳಿದದ್ದು ಕಣ್ಣಿಗೆ ಕಂಡಿತು. ಮಗಳಿಗೆ ಗಮ್ಮಿ ನಿಲ್ಲಿಸಿದ್ದು ಹೇಳಲು ಮಾತ್ರ ಧೈರ್ಯ ಬರಲಿಲ್ಲ, ನನ್ನ ಎದುರೇ ಫೋನ್ ಮಾಡಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಮ್ಮ, ನಾನೂ ಅದನ್ನೇ ತಿಂತಿದ್ದೀನಿ. ನಾಳೆ ಆಫೀಸಿನ ಹೆಲ್ತ್ ಚೆಕಪ್ ಇದೆ. ಮುಂದಕ್ಕೆ ಹಾಕಿಸ್ಲಾ?" ಹಾಕಿಸಲು ಹೇಳಿದೆವು.

ಎಂಟು ವಾರದ ಮೇಲೆ ಟಿಎಸ್‌ಎಚ್ 4.1. ಡಾಕ್ಟರು ಮಾತ್ರೆ ಏರಿಸಲಿಲ್ಲ, ಅದೇ 75. ಹಿಮೋಗ್ಲೋಬಿನ್ 11.3, ಇನ್ನೂ ದಾರಿಯಿದೆ. ಮಲಬದ್ಧತೆ ಹೋಗಿತ್ತು. ಕೂದಲು ಇನ್ನೂ ಉದುರುತ್ತಿದೆ, ಅದಕ್ಕೆ ತಿಂಗಳುಗಟ್ಟಲೆ ಬೇಕು ಅಂತ ಮೊದಲೇ ಹೇಳಿದ್ದೆ. ಸ್ವೆಟರ್ ಇರಲಿಲ್ಲ, ಆದರೆ ಅದು ಏಪ್ರಿಲ್ ತಿಂಗಳು, ಆ ಶ್ರೇಯಸ್ಸು ನಾನು ತಗೊಳ್ಳಲ್ಲ.

ಎದ್ದು ಹೊರಟವರು ಬಾಗಿಲ ಹತ್ತಿರ ನಿಂತರು. ಪಕ್ಕದ ಮನೆಯವರು ಬೂದುಗುಂಬಳದ ಜ್ಯೂಸ್ ಕುಡೀರಿ, ಮೈಗೆ ತಂಪು ಅಂತ ಒಂದು ಕಾಯಿ ಕಳಿಸಿದ್ದರಂತೆ.

"ಯಾವ ಹೊತ್ತಿಗೆ ಅಂತೆ?" ಎಂದು ಕೇಳಿದೆ.

"ಇನ್ಯಾವಾಗ ಮೇಡಂ, ಬೆಳಗ್ಗೆ ಖಾಲಿ ಹೊಟ್ಟೆಗೆ." ಚಪ್ಪಲಿ ಮೆಟ್ಟುತ್ತಾ ನಕ್ಕರು. "ಸೀಟಿಗೆ ಆಗ್ಲೇ ಟವಲ್ ಬಿದ್ದಿದೆ ಅಂದೆ. ಅವರಿಗೆ ಅರ್ಥ ಆಗ್ಲಿಲ್ಲ. ಕಾಯಿ ಮಾತ್ರ ಮಜ್ಜಿಗೆಹುಳಿ ಮಾಡಿದೆ."