ಲಿಂಪೊಪೊ ಬೇಟೆ: ಬಟ್ಟೆಗಿಂತ ಮೊದಲು ಕಾಗದಪತ್ರ

ಜುಲೈನಲ್ಲಿ ಟೆಕ್ಸಾಸ್‌ನಿಂದ ದಕ್ಷಿಣ ಆಫ್ರಿಕಾದ ಲಿಂಪೊಪೊಗೆ ಕುಡು ಎಂಬ ಸುರುಳಿ ಕೊಂಬಿನ ದೊಡ್ಡ ಹುಲ್ಲೆಯ ಬೇಟೆಗೆ ಹೊರಟಿದ್ದೇನೆ, ಸ್ವಂತ ರೈಫಲ್ ಒಯ್ಯಲು ಏನೇನು ಸಿದ್ಧತೆ ಬೇಕು ಎಂದು ಕೇಳಿದ್ದೀರಿ. ಬಟ್ಟೆಬರೆಯ ಚಿಂತೆ ಆಮೇಲಿರಲಿ. ಅಮೆರಿಕ ಬಿಡುವ ಮೊದಲೇ ರೈಫಲನ್ನು ಕಸ್ಟಮ್ಸ್ ಕಚೇರಿಗೆ ಒಯ್ದು, ಅದರ ಕ್ರಮಸಂಖ್ಯೆಯನ್ನು 4457 ನಮೂನೆಯಲ್ಲಿ ಬರೆಸಿ ಮೊಹರು ಹಾಕಿಸಿಕೊಳ್ಳಿ. ಬಂದೂಕಿನ ತಾತ್ಕಾಲಿಕ ಪರವಾನಗಿಗಾಗಿ ದಕ್ಷಿಣ ಆಫ್ರಿಕಾ ಪೊಲೀಸರ 520 ನಮೂನೆಯನ್ನು ಕಪ್ಪು ಶಾಯಿಯಲ್ಲಿ ತುಂಬಿ. ಸಹಿ ಮಾತ್ರ ಜೋಹಾನ್ಸ್‌ಬರ್ಗ್‌ನಲ್ಲಿ ಅಧಿಕಾರಿಯ ಎದುರೇ ಹಾಕಿ. ಬೇಟೆ ಏರ್ಪಡಿಸುವವರ ಆಹ್ವಾನ ಪತ್ರವೂ ಕೈಯಲ್ಲಿರಲಿ. ಯುರೋಪಿನ ಮೂಲಕ ಹೋದರೆ ನಡುದಾರಿಯಲ್ಲಿಯೂ ಬಂದೂಕಿಗೆ ಅನುಮತಿ ಬೇಕಾಗಬಹುದು, ಅಟ್ಲಾಂಟಾದ ನೇರ ವಿಮಾನವೇ ಮೇಲು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಅಭ್ಯಾಸ. ಮೇಜಿನ ಮೇಲೆ ರೈಫಲ್ ಊರಿ ಗುರಿ ಹೊಡೆದ ರೂಢಿ ಅಲ್ಲಿ ಸಾಲದು. ಮುಳ್ಳುಪೊದೆಗಳ ನಡುವೆ ನಿಂತು, ಮೂರು ಕಾಲಿನ ಊರೆಗೋಲಿನ ಮೇಲೆ ರೈಫಲ್ ಇಟ್ಟು, ಕೆಲವೇ ಕ್ಷಣಗಳಲ್ಲಿ ಹೊಡೆಯಬೇಕು. ಇಂದಿನಿಂದಲೇ ಹಾಗೆ ನಿಂತು ಕಲಿಯಿರಿ. ಇನ್ನೊಂದು ಮಾತು: ಅಮೆರಿಕದ ಜಿಂಕೆಗೆ ಭುಜದ ಹಿಂದೆ ಗುರಿಯಿಟ್ಟು ಅಭ್ಯಾಸವಾಗಿದ್ದರೆ ಅದನ್ನು ಬಿಡಿ. ಕುಡುವಿನ ಹೃದಯ ಇನ್ನೂ ಮುಂದೆ, ಕೆಳಗೆ, ಮುಂಗಾಲಿನ ನೇರಕ್ಕಿರುತ್ತದೆ. ಗಾಯಗೊಂಡ ಪ್ರಾಣಿ ಪೊದೆ ಸೇರಿ ನರಳಬಾರದು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಯಗೊಳಿಸಿ ಕಳೆದುಕೊಂಡ ಪ್ರಾಣಿಗೂ ಸಾಮಾನ್ಯವಾಗಿ ಪೂರ್ತಿ ಹಣ ತೆರಬೇಕಾಗುತ್ತದೆ.

ಜುಲೈ ಅಲ್ಲಿ ಚಳಿಗಾಲ. ಬೆಳಗಿನ ಜಾವ ತೆರೆದ ವಾಹನದಲ್ಲಿ ಕೈ ಮರಗಟ್ಟುತ್ತದೆ. ಉಣ್ಣೆಯ ಟೋಪಿ, ಕೈಗವಸು ಒಯ್ಯಿರಿ. ನೀವು ಬೇಟೆಯಾಡುವ ಫಾರ್ಮ್‌ನ ವಿಳಾಸ ತೋರಿಸಿ ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಹೊಸ ಬೂಟುಗಳನ್ನು ಈಗಲೇ ಹಾಕಿ ನಡೆದು ಪಳಗಿಸಿಕೊಳ್ಳಿ.