ಕಾಲುಗುರಿನ ಫಂಗಸ್‌ಗೆ ವಿನೆಗರ್ ಸಾಕೇ?

ಪ್ರಶ್ನೆ: ಹೆಬ್ಬೆರಳಿನ ಉಗುರು ಹಳದಿಯಾಗಿ ದಪ್ಪಗಾಗಿದೆ. ಎರಡು ತಿಂಗಳಿಂದ ವಿನೆಗರ್ ನೀರಲ್ಲಿ ಕಾಲು ನೆನೆಸಿದರೂ ಗುಣವಿಲ್ಲ. ಏಕೆ?

ಉತ್ತರ: ಫಂಗಸ್ ಬೇರೂರಿರುವುದು ಉಗುರಿನ ಅಡಿಯಲ್ಲಿ, ವಿನೆಗರ್ ಅಲ್ಲಿಗೆ ಇಳಿಯುವುದೇ ಕಷ್ಟ. ಮೇಲಾಗಿ ಕಾಲುಗುರು ತಿಂಗಳಿಗೆ ಬೆಳೆಯುವುದು ಸುಮಾರು 1.5 ಮಿಲಿಮೀಟರ್. ಫಂಗಸ್ ಸತ್ತರೂ ಪೂರ್ತಿ ಹೊಸ ಉಗುರಿಗೆ 12ರಿಂದ 18 ತಿಂಗಳು ಕಾಯಬೇಕು.

ನೆನೆಸುವುದಕ್ಕಿಂತ ಉಗುರನ್ನು ತೆಳ್ಳಗೆ ಮಾಡುವುದು ಮುಖ್ಯ. ರಾತ್ರಿ 40% ಯೂರಿಯಾ ಕ್ರೀಮನ್ನು (ಉಗುರನ್ನು ಮೆತ್ತಗಾಗಿಸುವ ಮುಲಾಮು) ಉಗುರಿಗಷ್ಟೇ ಹಚ್ಚಿ, ಸುತ್ತಲ ಚರ್ಮಕ್ಕೆ ತಾಗಿದರೆ ಉರಿಯುತ್ತದೆ. ಮೆತ್ತಗಾದ ಪದರವನ್ನು ಅರದಿಂದ ಉಜ್ಜಿ ತೆಗೆದರೆ, ಹಚ್ಚುವ ಫಂಗಸ್ ಔಷಧ ಒಳಗಿಳಿಯುತ್ತದೆ. ಅದೇ ಅರವನ್ನು ಆರೋಗ್ಯವಾಗಿರುವ ಉಗುರಿಗೆ ಬಳಸಬೇಡಿ. ಸೋಂಕು ಹರಡುವುದು ಹೀಗೆಯೇ. ಬೆರಳ ಸಂದುಗಳನ್ನು ಒಣಗಿಸಿಯೇ ಸಾಕ್ಸ್ ಹಾಕಿ.

ಸಕ್ಕರೆ ಕಾಯಿಲೆಯಿದ್ದರೆ ಇದ್ಯಾವುದೂ ಬೇಡ, ನೇರ ವೈದ್ಯರಿಗೆ ತೋರಿಸಿ.